ಗೃಹಸ್ಥನ ಪುಟ: ಶರಣವೆಂದರೆ ಮನೆ

ಪಾಠಶಾಲೆಯಲ್ಲಿ ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಡುತ್ತಿದ್ದ ಕಾಲದಲ್ಲಿ, ಅಮರಕೋಶದ ನಾನಾರ್ಥವರ್ಗಕ್ಕೆ ಬಂದಾಗಲೆಲ್ಲ ನಾನು ಒಂದು ಪದದ ಬಳಿ ತಪ್ಪದೆ ನಿಲ್ಲುತ್ತಿದ್ದೆನು. 'ಶರಣ' ಎಂಬುದು ಆ ಪದ. ಕೋಶಕಾರನು ಅದಕ್ಕೆ ಎರಡು ಅರ್ಥಗಳನ್ನು ಕೊಟ್ಟಿರುವನು. ಮನೆ ಎಂಬುದೊಂದು, ಕಾಪಾಡುವವನು ಎಂಬುದಿನ್ನೊಂದು. ಶರಣನೆಂದರೆ ಶಿವಭಕ್ತನೆಂದೂ, ಶರಣು ಎಂದರೆ ನಮಸ್ಕಾರವೆಂದೂ ಕೇಳಿ ಬೆಳೆದ ನಮ್ಮ ನಾಡಿನ ಮಕ್ಕಳಿಗೆ ಮನೆಯೆಂಬ ಅರ್ಥವು ವಿಚಿತ್ರವಾಗಿ ತೋರುತ್ತಿತ್ತು. "ಮೇಷ್ಟ್ರೇ, ಕಲ್ಲುಮಣ್ಣಿನ ಗೋಡೆಗೂ ಕಾಪಾಡುವ ಮನುಷ್ಯನಿಗೂ ಒಂದೇ ಹೆಸರು ಹೇಗೆ?" ಎಂದು ಯಾವನಾದರೊಬ್ಬ ಚೂಟಿಯಾದ ಹುಡುಗನು ಕೇಳುವನು. "ಮನೆಯು ಮಳೆ ಬಿಸಿಲುಗಳಿಂದ ಕಾಪಾಡುವುದಲ್ಲವೇನಯ್ಯ, ಅದಕ್ಕೆ" ಎಂದು ಹೇಳಿ ನಾನು ಮುಂದಿನ ಪದಕ್ಕೆ ಹೋಗುತ್ತಿದ್ದೆನು.

ಮೂವತ್ತು ವರ್ಷ ಈ ಉತ್ತರವನ್ನೇ ಹೇಳಿದೆನು. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ನಾನು ಕಲಿತದ್ದು ನಿವೃತ್ತನಾದ ಮೇಲೆ, ನಮ್ಮ ಹಿತ್ತಲಿನ ವಠಾರದಲ್ಲಿ. ಕಲಿಸಿದವಳು ಅಲ್ಲಿ ಬಾಡಿಗೆಗಿರುವ ಒಬ್ಬ ಹೆಣ್ಣುಮಗಳು. ಆ ಕಲಿಕೆಯಲ್ಲಿ ನಾನು ತೋರಿದ ಅವಿವೇಕವನ್ನು ಮುಚ್ಚಿಡದೆ ಈ ತಿಂಗಳು ವಾಚಕರ ಮುಂದಿಡುತ್ತೇನೆ. ಆಕೆಯ ಅನುಮತಿಯನ್ನು ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಕ್ಕದ ಹಾಗೆ ಕೆಲವು ವಿವರಗಳನ್ನು ಬದಲಿಸಿಯೂ ಇದ್ದೇನೆ. "ಬರೆಯಿರಿ ಮೇಷ್ಟ್ರೇ, ಆದರೆ ಪ್ರತಿ ತಿಂಗಳೂ ಐದನೆಯ ತಾರೀಖಿನೊಳಗೆ ಬಾಡಿಗೆ ಕೊಡುತ್ತೇನೆಂಬುದನ್ನೂ ಬರೆಯಿರಿ" ಎಂದಳು. ಮೊದಲು ಅದನ್ನೇ ಬರೆದಿಟ್ಟಿದ್ದೇನೆ.

ನಮ್ಮ ತಂದೆಯವರು ಕಟ್ಟಿಸಿದ ಮನೆಯ ಹಿಂದೆ ಒಂದು ಸಾಲಿಗೆ ನಾಲ್ಕು ಸಣ್ಣ ಬಿಡಾರಗಳಿವೆ. ನಾಲ್ಕಕ್ಕೂ ಒಂದೇ ಅಂಗಳ, ಒಂದೇ ನಲ್ಲಿ, ಬಟ್ಟೆ ಒಗೆಯುವ ಕಲ್ಲು ಒಂದು, ಪಾಯಿಖಾನೆ ಎರಡು. ನನ್ನ ಪಿಂಚಣಿಗೆ ಈ ಬಾಡಿಗೆಯು ಊರುಗೋಲು. ಮೂರನೆಯ ಬಿಡಾರಕ್ಕೆ ಆಕೆಯು ತನ್ನ ಮಗನೊಡನೆ ಬಂದಳು. ಗಂಡ ತೀರಿಹೋಗಿದ್ದನು. ರವಿಕೆ ಹೊಲಿದು ಜೀವನ. ಹುಡುಗನು ಏಳನೆಯ ತರಗತಿ. ಎರಡು ವರ್ಷ ಆ ಬಿಡಾರದಿಂದ ಹೊಲಿಗೆಯ ಯಂತ್ರದ ಸದ್ದಲ್ಲದೆ ಮತ್ತೊಂದು ಸದ್ದನ್ನು ನಾವು ಕೇಳಿದವರಲ್ಲ.

ಹೀಗಿರಲು ಒಂದು ಸಂಜೆ ವಠಾರದ ಉಳಿದ ಮೂರು ಮನೆಯವರೂ ಒಟ್ಟಾಗಿ ನನ್ನ ಜಗಲಿಗೆ ಬಂದರು. ಆಸ್ಪತ್ರೆಯಲ್ಲಿ ಎಚ್.ಐ.ವಿ. ಸೋಂಕಿನ ಔಷಧಿಯನ್ನು ಪಡೆಯುವವರ ಕೈಯಲ್ಲಿರುವ ಹಸಿರು ಬಣ್ಣದ ಪುಸ್ತಕವು ಆಕೆಯ ಚೀಲದಿಂದ ಜಾರಿ ಬಿದ್ದುದನ್ನು ಅವರಲ್ಲೊಬ್ಬರು ಕಂಡಿದ್ದರು. "ಮೇಷ್ಟ್ರೇ, ನಮ್ಮದು ಮಕ್ಕಳಿರುವ ಮನೆ. ನಲ್ಲಿ ಒಂದೇ, ಪಾಯಿಖಾನೆಯೂ ಒಂದೇ. ಆಕೆಯನ್ನು ಬಿಡಿಸಿ, ಇಲ್ಲವಾದರೆ ನಾವು ಬಿಡುತ್ತೇವೆ" ಎಂದರು. ಅವರು ದುಷ್ಟರಲ್ಲ. ಅವರ ಮಕ್ಕಳಿಗೆ ಜ್ವರ ಬಂದ ರಾತ್ರಿ ಇದೇ ಹೆಣ್ಣುಮಗಳು ಜೊತೆಗೆ ಕುಳಿತಿದ್ದುದನ್ನು ಅವರೂ ಮರೆತಿರಲಿಲ್ಲ. ಆದರೆ ಭಯವೆಂಬುದು ಬಂದಾಗ ನೆನಪು ಹಿಂದೆ ಸರಿಯುತ್ತದೆ.

ನಾನೇನು ಮಾಡಿದೆನು? ಶಾಸ್ತ್ರ ಓದಿದವನು, ಶಿಬಿಚಕ್ರವರ್ತಿಯು ಪಾರಿವಾಳಕ್ಕಾಗಿ ತನ್ನ ಮೈಯ ಮಾಂಸವನ್ನೇ ಕೊಯ್ದು ತೂಗಿದ ಕಥೆಯನ್ನು ಮಕ್ಕಳಿಗೆ ಕಣ್ಣೀರು ಬರುವಂತೆ ಹೇಳಿದವನು, ಮೂರು ಮನೆಯ ಬಾಡಿಗೆಯನ್ನು ಲೆಕ್ಕ ಹಾಕಿದೆನು. ಮರುದಿನ ಆಕೆಯನ್ನು ಕರೆದು, ನೆಲವನ್ನು ನೋಡುತ್ತ, "ತಾಯಿ, ತಿಂಗಳ ಕೊನೆಗೆ ಬೇರೆ ಮನೆ ನೋಡಿಕೊಳ್ಳಮ್ಮ" ಎಂದೆನು. ಆಕೆ ಏಕೆಂದು ಕೇಳಲಿಲ್ಲ. ಕೇಳದಿದ್ದುದೇ ನನಗೆ ಚುಚ್ಚಿತು. "ಆಗಲಿ ಮೇಷ್ಟ್ರೇ. ಹುಡುಗನ ಪರೀಕ್ಷೆ ಮುಗಿಯುವವರೆಗೆ ಇರಗೊಡಿ. ಕಾರಣವನ್ನು ಮಾತ್ರ ಅವನ ಸ್ಕೂಲಿನಲ್ಲಿ ಯಾರಿಗೂ ಹೇಳಬೇಡಿ" ಎಂದಳು. ಇದು ತನಗೆ ಮೂರನೆಯ ಮನೆಯೆಂದೂ, ಹಿಂದಿನೆರಡೂ ಹೀಗೆಯೇ ಹೋದುವೆಂದೂ, ಕೇಳಿದ ಮೇಲೆ ಹೇಳಿದಳು.

ಒಳಗಿದ್ದ ನನ್ನ ಗೃಹಿಣಿಯು ಇದೆಲ್ಲವನ್ನೂ ಕೇಳಿದ್ದಳು. ಊಟಕ್ಕೆ ಬಡಿಸುತ್ತ ಕೇಳಿದಳು: "ಅಲ್ಲಾಂದ್ರೆ, ಎರಡು ವರ್ಷದಿಂದ ನಾಲ್ಕು ಮನೆಯವರೂ ಆ ನಲ್ಲಿಯ ನೀರನ್ನೇ ಕುಡಿದರಲ್ಲ, ಯಾರಿಗೆ ಏನು ಬಂತು? ತಿಳಿದವರನ್ನು ಒಂದು ಮಾತು ಕೇಳಿದಿರಾ?" ನಾನು ಕೇಳಿರಲಿಲ್ಲ.

ಆ ಸಂಜೆಯೇ ನನ್ನ ಹಳೆಯ ಶಿಷ್ಯನೊಬ್ಬನ ಮನೆಗೆ ಹೋದೆನು. ಅವನು ಸರಕಾರಿ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದಾನೆ. ಯಾರ ಹೆಸರನ್ನೂ ಎತ್ತದೆ ವಿಷಯವನ್ನು ಮಾತ್ರ ಕೇಳಿದೆನು. ಗುರುವು ಶಿಷ್ಯನಾಗಿ ಕುಳಿತು ಅಂದು ಕೇಳಿದ ಪಾಠವು ಪ್ರತಿಯೊಬ್ಬ ಗೃಹಸ್ಥನಿಗೂ ತಿಳಿದಿರತಕ್ಕದ್ದು.

ಎಚ್.ಐ.ವಿ. ಎಂಬುದು ಮನುಷ್ಯನ ರಕ್ತದಲ್ಲಿದ್ದುಕೊಂಡು ರೋಗವನ್ನು ತಡೆಯುವ ಶಕ್ತಿಯನ್ನು ಮೆಲ್ಲಮೆಲ್ಲನೆ ತಿನ್ನುವ ವೈರಸ್ಸು. ನಮ್ಮ ದೇಶದಲ್ಲಿ ಅದು ಮೊದಲು ಪತ್ತೆಯಾದುದು 1986ರಲ್ಲಿ, ಆಗ ಮದರಾಸೆಂದು ಕರೆಯುತ್ತಿದ್ದ ಚೆನ್ನೈ ನಗರದಲ್ಲಿ. ಅದು ಹರಡುವ ದಾರಿಗಳು ಕೆಲವೇ: ಸೋಂಕುಳ್ಳವರೊಡನೆ ರಕ್ಷಣೆಯಿಲ್ಲದ ದೇಹಸಂಪರ್ಕ, ಸೋಂಕುಳ್ಳ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದು, ಚಿಕಿತ್ಸೆಯಿಲ್ಲದಿದ್ದಲ್ಲಿ ತಾಯಿಯಿಂದ ಕೂಸಿಗೆ. ಇಷ್ಟೇ. ಒಂದೇ ನಲ್ಲಿಯ ನೀರಿನಿಂದ ಬಾರದು; ಒಂದೇ ಲೋಟ, ತಟ್ಟೆ, ಹಾಸಿಗೆ, ಪಾಯಿಖಾನೆಗಳಿಂದ ಬಾರದು; ಮುಟ್ಟಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ ಬಾರದು; ಸೊಳ್ಳೆ ಕಚ್ಚಿದರೂ ಬಾರದು. ಆಕೆ ಹೊಲಿದ ರವಿಕೆಯನ್ನು ತೊಟ್ಟರೆ ಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯು ನನಗೆ ತೀರ ಹೊಸದಾಗಿತ್ತು. ಈಗ ದಿನಕ್ಕೊಂದು ಮಾತ್ರೆಯನ್ನು ತಪ್ಪದೆ ನುಂಗುವವರ ರಕ್ತದಲ್ಲಿ ಈ ವೈರಸ್ಸು ಪರೀಕ್ಷೆಗೂ ಸಿಕ್ಕದಷ್ಟು ಕುಗ್ಗಿಹೋಗುತ್ತದೆ. ಭಾರತವೂ ಸೇರಿದಂತೆ ಒಂಬತ್ತು ದೇಶಗಳ 1763 ದಂಪತಿಗಳಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದವರಲ್ಲಿ, ನಡೆಸಿದ ಪರೀಕ್ಷೆಯ ಫಲವು 2011ರಲ್ಲಿ ಹೊರಬಂತು. ಬೇಗನೆ ಔಷಧಿಯನ್ನು ಆರಂಭಿಸಿದರೆ ಗಂಡಹೆಂಡಿರ ನಡುವೆ ಸೋಂಕು ದಾಟುವುದು ನೂರಕ್ಕೆ 96ರಷ್ಟು ಕಡಿಮೆಯಾಗುವುದೆಂದು ಅದರಿಂದ ತಿಳಿಯಿತು. ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಕ್ಕದ ಮಟ್ಟಕ್ಕಿಳಿದು ಅಲ್ಲಿಯೇ ಉಳಿದವರಿಂದ ಬಾಳಸಂಗಾತಿಗೂ ಅದು ದಾಟುವುದಿಲ್ಲವೆಂದು ಇಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತಿದೆ. ಒಂದೇ ಹಾಸಿಗೆಯ ಸಂಗಾತಿಗೆ ಬಾರದ್ದು ಅಂಗಳದಾಚೆಯ ನೆರೆಯವರಿಗೆ ಬಂದೀತೆ?

"ಆದರೆ ಮೇಷ್ಟ್ರೇ," ಎಂದು ಶಿಷ್ಯನು ಮುಂದುವರಿಸಿದನು, "ಮಾತ್ರೆಯನ್ನು ನಾವು ಕೊಡುತ್ತೇವೆ. 2004ರಿಂದ ಸರಕಾರವು ಅದನ್ನು ಬಿಟ್ಟಿಯಾಗಿಯೇ ಕೊಡುತ್ತಿದೆ. ಅದನ್ನು ಇಟ್ಟುಕೊಳ್ಳಲು ಗೋಡೆಯಲ್ಲೊಂದು ಗೂಡು ಬೇಕಲ್ಲ, ಅದನ್ನು ನಿಮ್ಮಂಥವರೇ ಕೊಡಬೇಕು."

ಆ ಮಾತಿನ ಪೂರ್ಣಾರ್ಥವು ನನಗೆ ತಿಳಿದುದು ಆಮೇಲೆ, ಆ ಹೆಣ್ಣುಮಗಳು ತನ್ನ ಹಿಂದಿನ ಕಥೆಯನ್ನು ನನ್ನ ಗೃಹಿಣಿಗೆ ಹೇಳಿದಾಗ. ಎರಡನೆಯ ಮನೆಯನ್ನು ಬಿಡಿಸಿದ ಮೇಲೆ ಆಕೆ ಕೆಲವು ವಾರ ನೆಂಟರ ಮನೆಯ ನಡುಮನೆಯಲ್ಲಿ, ಕೆಲವು ದಿನ ಛತ್ರದಲ್ಲಿ ಮಲಗಿದಳು. ಮಾತ್ರೆಯ ಹೊತ್ತು ರಾತ್ರಿ ಒಂಬತ್ತು. ಹತ್ತು ಜನರ ಕಣ್ಣೆದುರಿಗೆ ಚೀಲ ಬಿಚ್ಚಿದರೆ 'ಇದೇನು ಔಷಧಿ?' ಎಂಬ ಪ್ರಶ್ನೆ ಬರುವುದು. ಆದ್ದರಿಂದ ಒಂದು ದಿನ ನುಂಗಿ ಎರಡು ದಿನ ಬಿಟ್ಟಳು. ಊರಾಚೆ ಹೋದುದರಿಂದ ಆಸ್ಪತ್ರೆ ದೂರವಾಯಿತು. ಬಸ್ಸಿಗೆ ದುಡ್ಡಿಲ್ಲದೆ ಒಂದು ತಿಂಗಳ ಮಾತ್ರೆಯೇ ತಪ್ಪಿತು. ಯಂತ್ರವನ್ನು ಇಡಲು ಜಾಗವಿಲ್ಲದೆ ಸಂಪಾದನೆ ನಿಂತಿತು. ಸಂಪಾದನೆ ನಿಂತುದರಿಂದ ಊಟ ಕುಂದಿತು. ಮಾತ್ರೆ ತಪ್ಪಿದರೆ ಅಡಗಿದ್ದ ವೈರಸ್ಸು ತಲೆಯೆತ್ತುತ್ತದೆ. ಹಾಗೆ ಬಿಟ್ಟುಬಿಟ್ಟು ನುಂಗಿದರೆ ಆ ಮಾತ್ರೆಗೇ ಬಗ್ಗದ ಹಾಗೆ ಬಲಿಯಲೂಬಹುದು. ಶಕ್ತಿ ಕುಂದಿದ ದೇಹಕ್ಕೆ ಮೊದಲು ಮುತ್ತುವುದು ಕ್ಷಯ. ಈ ಸೋಂಕುಳ್ಳವರಲ್ಲಿ ಅತಿ ಹೆಚ್ಚು ಮಂದಿಯನ್ನು ಕೊಲ್ಲುವುದೂ ಕ್ಷಯವೇ. ಗಾಳಿಬೆಳಕಿಲ್ಲದ ಇಕ್ಕಟ್ಟಿನ ಕೋಣೆ ಅದರ ತವರು. ಆಕೆಯನ್ನು ಹಾಸಿಗೆ ಹಿಡಿಸಿದುದು ರೋಗವೊಂದೇ ಅಲ್ಲ, 'ಮನೆ ಖಾಲಿ ಮಾಡು' ಎಂಬ ಎರಡು ಮಾತುಗಳೂ ಹೌದು. ಮೂರನೆಯದನ್ನು ನಾನು ಆಡಿದ್ದೆನು.

ಇಲ್ಲಿ ನನಗೆ ನಮ್ಮ ಹಿರಿಯರ ಪ್ಲೇಗಿನ ಮಾತು ನೆನಪಾಗುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಾಗ ಇಲಿ ಬಿದ್ದ ಮನೆಯನ್ನು ಬಿಟ್ಟು ಜನರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಆ ವಿಪತ್ತಿನ ತರುವಾಯವೇ, ಗಾಳಿಬೆಳಕುಗಳುಳ್ಳ ಮನೆಗಳಿಗಾಗಿ ಮಲ್ಲೇಶ್ವರ, ಬಸವನಗುಡಿ ಎಂಬ ಬಡಾವಣೆಗಳು ಎದ್ದುವು. ಅಂದು ಮನೆ ಬಿಟ್ಟುದು ಸರಿ. ಏಕೆಂದರೆ ಆ ರೋಗವನ್ನು ತರುವ ಇಲಿಯ ಚಿಗಟವು ಮನೆಯೊಳಗೇ ಇರುತ್ತಿತ್ತು. ನಮ್ಮ ಮನಸ್ಸಿನಲ್ಲಿ ಇಂದಿಗೂ ಆ ಪಾಠವೇ ನಿಂತಿದೆ: ರೋಗವೆಂದರೆ ದೂರ ಓಡು, ಇಲ್ಲವೆ ದೂರ ಓಡಿಸು. ಪ್ಲೇಗಿಗೆ ಸಲ್ಲುವ ಆ ನೀತಿಯನ್ನು ಎಚ್.ಐ.ವಿ.ಗೆ ಹಚ್ಚಿದರೆ ಫಲವು ತಲೆಕೆಳಗಾಗುತ್ತದೆ. ಇಲ್ಲಿ ಹೊರಗಟ್ಟುವುದರಿಂದ ಉಳಿಯುವವರಿಗೆ ಕೂದಲಷ್ಟು ಲಾಭವೂ ಇಲ್ಲ, ಹೋಗುವವರಿಗೆ ಪ್ರಾಣಹಾನಿ. ಔಷಧಿ ತಪ್ಪಿದವರ ರಕ್ತದಲ್ಲಿ ವೈರಸ್ಸು ಹೆಚ್ಚುವುದರಿಂದ ಊರಿಗೂ ಅದು ಹಿತವಲ್ಲ. ಈ ರೋಗವು ಹರಡದಂತಿರಬೇಕಾದರೆ ರೋಗಿಯು ಮನೆಯಲ್ಲಿ ನೆಮ್ಮದಿಯಾಗಿ ಇರಬೇಕು.

ಇದನ್ನು ಪರದೇಶದವರೂ ಕಂಡುಕೊಂಡಿದ್ದಾರೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1990ರಲ್ಲಿಯೇ ಈ ರೋಗಿಗಳ ವಸತಿಗೆಂದು ಪ್ರತ್ಯೇಕವಾದ ಕಾಯಿದೆಯೊಂದಾಯಿತು. ಅದರ ಮೇರೆಗೆ ಬಾಡಿಗೆಯಲ್ಲೊಂದು ಭಾಗವನ್ನು ಸರಕಾರದ ಹಣದಿಂದ ಕೊಡುವುದು, ಕಷ್ಟ ಬಂದ ಕೆಲವು ವಾರಗಳ ಮಟ್ಟಿಗೆ ಬಾಡಿಗೆಗೂ ಸಾಲದ ಕಂತಿಗೂ ನೆರವಾಗುವುದು, ಮನೆ ಹುಡುಕಿಕೊಡುವುದು, ಸಿಕ್ಕಿದ ಮನೆ ತಪ್ಪದಂತೆ ನೋಡಿಕೊಳ್ಳುವುದು, ಇವೆಲ್ಲ ನಡೆಯುತ್ತವೆ. ಮನೆಯನ್ನು ಕೊಡಿಸುವುದಕ್ಕಿಂತ ಅದು ಕೈತಪ್ಪದಂತೆ ಕಾಯುವುದು ಸುಲಭವೆಂಬ ವಿವೇಕವು ಆ ಏರ್ಪಾಟಿನಲ್ಲಿದೆ. ನಮ್ಮಲ್ಲಿ 2023ರ ಸರಕಾರದ ಅಂದಾಜಿನಂತೆ ಸುಮಾರು 25 ಲಕ್ಷ ಮಂದಿ ಈ ಸೋಂಕಿನೊಡನೆ ಬಾಳುತ್ತಿದ್ದಾರೆ. ಕರ್ನಾಟಕದವರೇ ಎರಡೂವರೆ ಲಕ್ಷಕ್ಕೆ ಮೇಲ್ಪಟ್ಟು. ಇವರಲ್ಲಿ ಯಾರಿಗೆ ಮನೆ ಸಿಕ್ಕೀತು, ಯಾರಿಗೆ ಉಳಿದೀತು ಎಂಬುದರ ತೀರ್ಮಾನವು ಹೆಚ್ಚಾಗಿ ನಡೆಯುವುದು ನಮ್ಮ ನಿಮ್ಮ ಜಗಲಿಗಳ ಮೇಲೆಯೇ.

ಹಾಗೆಂದು ನಮ್ಮ ದೇಶದ ಕಾಯಿದೆ ಸುಮ್ಮನಿಲ್ಲ. ಎಚ್.ಐ.ವಿ. ಮತ್ತು ಏಡ್ಸ್ ಕುರಿತು ಪಾರ್ಲಿಮೆಂಟು 2017ರಲ್ಲಿ ಮಾಡಿದ ಕಾಯಿದೆಯು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 3ನೆಯ ಕಲಮಿನಂತೆ, ಸೋಂಕಿದೆಯೆಂಬ ಕಾರಣದಿಂದ ಯಾರಿಗೂ ಒಂದು ಮನೆಯಲ್ಲಿ ವಾಸಿಸುವ, ಅದನ್ನು ಕೊಳ್ಳುವ, ಬಾಡಿಗೆಗೆ ಹಿಡಿಯುವ ಹಕ್ಕನ್ನು ನಿರಾಕರಿಸಕೂಡದು, ಕೊಟ್ಟುದನ್ನು ನಿಲ್ಲಿಸಕೂಡದು. ಸೋಂಕಿಲ್ಲದಿದ್ದರೂ ಅಂಥವರೊಡನೆ ವಾಸಿಸುವ ಮನೆಮಂದಿಗೂ ಈ ರಕ್ಷಣೆಯುಂಟು. ತನ್ನ ಸೋಂಕನ್ನು ಬಯಲು ಮಾಡೆಂದು, ನ್ಯಾಯಾಲಯದ ಆಜ್ಞೆಯಿಲ್ಲದೆ, ಯಾರನ್ನೂ ಬಲಾತ್ಕರಿಸುವಂತಿಲ್ಲ. ನಂಬಿ ಹೇಳಿದ ಗುಟ್ಟನ್ನು ಒಪ್ಪಿಗೆಯಿಲ್ಲದೆ ಮತ್ತೊಬ್ಬರಿಗೆ ಹೇಳುವಂತಿಲ್ಲ. ಇಂಥವರ ಮೇಲೆ ದ್ವೇಷವನ್ನು ಹಬ್ಬಿಸುವ ಮಾತಿಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಉಂಟು. ಅನ್ಯಾಯವಾದವರ ದೂರನ್ನು ವಿಚಾರಿಸಲು ರಾಜ್ಯ ಸರಕಾರವು ಒಂಬುಡ್ಸ್‌ಮನ್ ಎಂಬ ಅಧಿಕಾರಿಯನ್ನು ನೇಮಿಸತಕ್ಕದ್ದೆಂದೂ, ದೂರು ಬಂದ 30 ದಿನಗಳೊಳಗೆ ಆತನು ತೀರ್ಪು ಹೇಳತಕ್ಕದ್ದೆಂದೂ ಕಾಯಿದೆಯಲ್ಲಿದೆ. ಈ ಕಾಯಿದೆಯ ಮೊದಲಕ್ಷರವೂ ತಿಳಿಯದೆ ನಾನು ಅದನ್ನು ಮುರಿಯಹೊರಟಿದ್ದೆನು.

ಬಾಡಿಗೆಯ ಮನೆಯ ಮಾತಾಯಿತು. ಸ್ವಂತ ಮನೆಯಿಂದಲೇ ಹೊರಬಿದ್ದವರ ಸಂಕಟವು ಇದಕ್ಕಿಂತ ಕ್ರೂರವಾದುದು. ಗಂಡನು ಈ ರೋಗದಿಂದ ತೀರಿಕೊಂಡ ಮೇಲೆ, ಸೊಸೆಯೇ ತಂದಿಟ್ಟಳೆಂದು ದೂರಿ ಅತ್ತೆಯ ಮನೆಯವರು ಬಾಗಿಲು ಮುಚ್ಚುವುದುಂಟು. ತವರಿನಲ್ಲಿ ಕೊಟ್ಟಿಗೆಯ ಪಕ್ಕದ ಕೋಣೆ, ಬೇರೆ ತಟ್ಟೆ, ಬೇರೆ ಚೊಂಬು. ಇದಕ್ಕೆಂದೇ ಆ ಕಾಯಿದೆಯ 29ನೆಯ ಕಲಮಿದೆ. ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು, ಅದರ ಯಾವ ಭಾಗದಿಂದಲೂ ಹೊರಗಾಗದಿರುವ ಹಕ್ಕು, ಅಲ್ಲಿಯ ಅನುಕೂಲಗಳನ್ನು ಭೇದವಿಲ್ಲದೆ ಬಳಸುವ ಹಕ್ಕು ಅಂಥವರಿಗುಂಟು. ಮನೆಯ ಪತ್ರವು ಯಾರ ಹೆಸರಿನಲ್ಲಿದ್ದರೂ ಸರಿಯೆ. ಅಡಿಗೆಮನೆ, ಬಚ್ಚಲುಮನೆಗಳೂ ಆ ಮಾತಿನೊಳಗೆ ಸೇರಿದುವು. ಇದಲ್ಲದೆ 1956ರ ಹಿಂದೂ ಉತ್ತರಾಧಿಕಾರದ ಕಾಯಿದೆಯಂತೆ, ಗಂಡನು ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವತ್ತಿನಲ್ಲಿ ವಿಧವೆಯು ಮೊದಲ ವರ್ಗದ ವಾರಸುದಾರಳು. ಹೆಂಗಸರಿಗೂ ಮಕ್ಕಳಿಗೂ ಅವರ ವರಮಾನವೆಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಬಿಟ್ಟಿಯಾಗಿ ವಕೀಲರ ನೆರವು ದೊರೆಯುತ್ತದೆ. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು.

ತಂದೆತಾಯಿಗಳಿಬ್ಬರೂ ಹೋಗಿ ಮಕ್ಕಳೇ ಉಳಿದ ಮನೆಗಳನ್ನು ಕಾಯಿದೆ ಮರೆತಿಲ್ಲ. ಅಂಥ ಮಕ್ಕಳ ಮನೆಗೆ ದಾಯಾದಿಗಳು ನುಗ್ಗಿದರೆ, ನುಗ್ಗುವ ಸೂಚನೆ ಕಂಡರೂ, ಮಕ್ಕಳ ಕಲ್ಯಾಣ ಸಮಿತಿಗೆ ದೂರು ಕೊಡಬಹುದು. ಮನೆಯ ಪತ್ರಗಳನ್ನು ಅಲ್ಲಿ ಭದ್ರವಾಗಿ ಇಡಿಸಲೂಬಹುದು. ಹನ್ನೆರಡು ತುಂಬಿದ, ಮನೆವಾರ್ತೆಯನ್ನು ನಡೆಸುವಷ್ಟು ತಿಳಿವಳಿಕೆಯುಳ್ಳ ಅಕ್ಕನೋ ಅಣ್ಣನೋ ಸ್ಕೂಲಿಗೆ ಸೇರಿಸುವುದೇ ಮುಂತಾದ ಕೆಲಸಗಳಿಗೆ ತಮ್ಮತಂಗಿಯರ ಪೋಷಕನಾಗಿ ರುಜು ಹಾಕಬಹುದು. ಹಳ್ಳಿಯಲ್ಲಿ ಇದನ್ನು ಬಲ್ಲ ಒಬ್ಬ ಗೃಹಸ್ಥನಿದ್ದರೆ ಮೂರು ಮಕ್ಕಳು ಮೂರು ದಿಕ್ಕಿಗೆ ಚದರದೆ ಒಂದೇ ಸೂರಿನಡಿ ಉಳಿಯುತ್ತಾರೆ.

ಆದರೂ ಕೋರ್ಟಿನ ಮೆಟ್ಟಿಲಿಗಿಂತ ಜಗಲಿಯ ಮೆಟ್ಟಿಲು ಹತ್ತಿರ. ಮನೆಯೊಡೆಯರಾದ ವಾಚಕರು ಮಾಡಬಹುದಾದುದನ್ನು, ನಾನು ತಪ್ಪಿನಡೆದು ಕಲಿತ ಕ್ರಮದಲ್ಲಿ ಹೇಳುತ್ತೇನೆ.

ಒಂದನೆಯದು: ಬಾಡಿಗೆಗೆ ಬಂದವರ ಕಾಯಿಲೆಯನ್ನು ಕೇಳಬೇಡಿರಿ. ಬಾಡಿಗೆ ಕೊಡಬಲ್ಲರೆ, ಮನೆಯನ್ನು ಶುಚಿಯಾಗಿ ಇಡಬಲ್ಲರೆ, ಕೇಳಬೇಕಾದುದು ಇಷ್ಟೇ. ಹೇಗೋ ತಿಳಿಯಿತೆನ್ನಿ, ಅದು ನಿಮ್ಮಲ್ಲಿಯೇ ಇರಲಿ.

ಎರಡನೆಯದು: ಅವರ ಮೇಲೆ ಹೆಚ್ಚು ಬಾಡಿಗೆಯನ್ನೂ ಹೆಚ್ಚು ಮುಂಗಡವನ್ನೂ ಹೇರಬೇಡಿರಿ. ಧರ್ಮಕ್ಕೆಂದು ಕಡಿಮೆ ಮಾಡಬೇಕಾದುದೂ ಇಲ್ಲ. ಎಲ್ಲರಿಗೂ ಇರುವ ಕರಾರೇ ಅವರಿಗೂ ಇರಲಿ. ಬಾಡಿಗೆ ನಿಂತರೆ, ಮನೆಯನ್ನು ಕೆಡಿಸಿದರೆ, ಉಳಿದವರಿಗೆ ಸಲ್ಲುವ ನ್ಯಾಯವೇ ಅವರಿಗೂ ಸಲ್ಲುತ್ತದೆ. ಕಾಯಿದೆ ತಡೆಯುವುದು ಸೋಂಕಿನ ನೆವದಿಂದ ಹೊರಗಟ್ಟುವುದನ್ನು ಮಾತ್ರ.

ಮೂರನೆಯದು: ಕರಾರನ್ನು ಬರಹದಲ್ಲಿ ಮಾಡಿಕೊಡಿರಿ, ತಿಂಗಳು ತಿಂಗಳಿಗೆ ರಸೀತಿ ಕೊಡಿರಿ. ನಮಗದು ಒಂದು ಚೂರು ಕಾಗದ. ಅವರಿಗೆ ಅದೇ ವಿಳಾಸ. ವಾಸಕ್ಕೆ ರುಜುವಾತು ಬೇಕಾದಲ್ಲೆಲ್ಲ, ಪಡಿತರದ ಚೀಟಿಗೂ ಬ್ಯಾಂಕಿನ ಖಾತೆಗೂ, ಅದು ಒದಗುತ್ತದೆ.

ನಾಲ್ಕನೆಯದು: ಮೈಯಲ್ಲಿ ಸ್ವಸ್ಥವಿಲ್ಲದ ತಿಂಗಳು ಬಾಡಿಗೆ ತಡವಾದರೆ ಹೇಗೆಂಬುದನ್ನು ಮೊದಲೇ ಮಾತನಾಡಿಕೊಳ್ಳಿರಿ. ಒಂದು ತಿಂಗಳ ಬಾಕಿಯನ್ನು ಮೂರು ತಿಂಗಳಲ್ಲಿ ತೀರಿಸಲು ಒಪ್ಪಿದರೆ ಒಡೆಯನಿಗೆ ನಷ್ಟವಿಲ್ಲ, ಬಾಡಿಗೆದಾರನಿಗೆ ಬೀದಿಯಿಲ್ಲ.

ಐದನೆಯದು, ಎಲ್ಲಕ್ಕಿಂತ ಕಷ್ಟವಾದುದು: ನೆರೆಯವರು ಗುಂಪುಗೂಡಿ ಬಂದಾಗ ಒಡೆಯನಾದವನು ನಿಲ್ಲಬೇಕು. ಮನೆಯು ಆತನದು, ಮಾತೂ ಆತನದೇ ಆಗಬೇಕು.

ಇನ್ನು, ಈ ಪುಟವನ್ನು ಓದುತ್ತಿರುವವರಲ್ಲಿಯೇ ಮನೆ ಹುಡುಕುತ್ತಿರುವ ಸೋಂಕುಳ್ಳವರು ಇರಬಹುದು. ಅವರಿಗೆ ಎರಡು ಮಾತು. ಮನೆಯೊಡೆಯನಿಗೆ ನಿಮ್ಮ ಆರೋಗ್ಯವನ್ನು ಹೇಳಬೇಕಾದ ಕಟ್ಟು ನಿಮಗಿಲ್ಲ. ಹೇಳದಿರುವುದು ಮೋಸವೂ ಅಲ್ಲ. ಕರಾರುಪತ್ರ, ರಸೀತಿಗಳನ್ನು ಜೋಪಾನವಾಗಿ ಇಡಿರಿ. ಔಷಧಿ ಕೊಡುವ ಎ.ಆರ್.ಟಿ. ಕೇಂದ್ರದಲ್ಲಿ ಆಪ್ತ ಸಮಾಲೋಚಕರಿರುತ್ತಾರೆ. ಮನೆ ಬಿಡಬೇಕಾಗಿ ಬಂದರೆ ಮೊದಲು ಅವರಿಗೆ ತಿಳಿಸಿರಿ. ಹೋಗುವ ಊರಿನ ಕೇಂದ್ರಕ್ಕೆ ಚೀಟಿ ಬರೆಸಿಕೊಂಡರೆ ಮಾತ್ರೆ ತಪ್ಪುವುದಿಲ್ಲ. 1097 ಎಂಬ ಸಂಖ್ಯೆಗೆ ಖರ್ಚಿಲ್ಲದೆ ದೂರವಾಣಿ ಮಾಡಿ ಸಲಹೆ ಕೇಳಬಹುದು.

ವಠಾರದ ಕಥೆಯನ್ನು ಮುಗಿಸಬೇಕಲ್ಲ. ಶಿಷ್ಯನ ಮನೆಯಿಂದ ಬಂದ ಮರುದಿನ ನಾನು ಆಕೆಯ ಬಿಡಾರದ ಬಾಗಿಲಿಗೇ ಹೋಗಿ, "ಅಮ್ಮ, ನಿನ್ನೆ ತಪ್ಪು ಮಾತಾಡಿದೆ. ನೀನು ಮನೆ ಬಿಡಬೇಕಾಗಿಲ್ಲ" ಎಂದೆನು. ಆಕೆ ನಂಬಲಿಲ್ಲ, ಗಂಟುಮೂಟೆಗಳನ್ನು ಹದಿನೈದು ದಿನ ಬಿಚ್ಚಲೂ ಇಲ್ಲ. ನನ್ನ ಮಾತಿಗೆ ಇದ್ದ ಬೆಲೆ ಅಷ್ಟು. ನಾನು ಬರಹದಲ್ಲಿ ಕರಾರು ಮಾಡಿಕೊಟ್ಟ ಮೇಲೆ ಯಂತ್ರದ ಸದ್ದು ಮತ್ತೆ ಕೇಳಿಸಿತು.

ವಠಾರದವರನ್ನು ಕರೆದು, ಯಾರ ಹೆಸರನ್ನೂ ಎತ್ತದೆ, ಈ ಸೋಂಕು ಹರಡುವ ದಾರಿಗಳನ್ನೂ ಹರಡದ ದಾರಿಗಳನ್ನೂ ಪಾಠ ಹೇಳುವ ಹಾಗೆ ಹೇಳಿದೆನು. ಒಂದು ಮನೆಯವರು ಒಪ್ಪಲಿಲ್ಲ, ಬಿಟ್ಟುಹೋದರು. ಆ ಬಿಡಾರವು ಮೂರು ತಿಂಗಳು ಖಾಲಿ ಬಿತ್ತು. ಮೂರು ತಿಂಗಳ ಬಾಡಿಗೆಯ ನಷ್ಟ; ಅದನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಬೇರೊಬ್ಬರು ಬಂದರು. ಇನ್ನೊಂದು ಮನೆಯ ಮುದುಕಿಯೊಬ್ಬರು ಈಗಲೂ ಕೊಡವಿಡುವ ಮೊದಲು ನಲ್ಲಿಯ ಮೇಲೆ ಒಂದು ಚೊಂಬು ನೀರು ಸುರಿಯುತ್ತಾರೆ. ಅವರಿಗೆ ಎಂಬತ್ತು ವರ್ಷ. ಆದರೆ ಮೊಮ್ಮಗಳ ಮದುವೆಗೆ ರವಿಕೆಗಳನ್ನು ಹೊಲಿಯಲು ಕೊಟ್ಟುದು ಮೂರನೆಯ ಬಿಡಾರದವಳಿಗೇ. ಹುಡುಗನು ಈಗ ಎಂಟನೆಯ ತರಗತಿ. ಸಂಜೆ ನನ್ನ ಬಳಿ ಸಂಸ್ಕೃತ ಓದಲು ಬರುತ್ತಾನೆ.

ಮೊನ್ನೆ ಅವನಿಗೆ ನಾನಾರ್ಥವರ್ಗವನ್ನು ಹೇಳಿಕೊಡುತ್ತಿದ್ದೆನು. 'ಶರಣ' ಬಂತು. ಮನೆ, ಕಾಪಾಡುವವನು, ಎಂದು ಎರಡರ್ಥ ಹೇಳಿ, ಅವನು ಕೇಳಬಹುದಾದ ಪ್ರಶ್ನೆಗೆ ಈ ಸಲ ಒಳ್ಳೆಯ ಉತ್ತರವನ್ನೇ ಸಿದ್ಧಮಾಡಿಕೊಂಡು ಕಾದೆನು. ಅವನು ಏನನ್ನೂ ಕೇಳಲಿಲ್ಲ. ಎರಡನ್ನೂ ಒಂದೇ ಗೆರೆಯಲ್ಲಿ ಬರೆದುಕೊಂಡು, "ಆಯಿತು ತಾತ, ಮುಂದಿನ ಪದ?" ಎಂದನು.